ತಾಳೆಗರಿ ಕಳಿಸಿದ ಹೆಂಗಸರು

ಕಂದಾಯ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಹೊಲ ಇದ್ದವರು ಹೊಲಕ್ಕೆ ಕಟ್ಟುತ್ತೇವೆ. ಮನೆ ಇದ್ದವರು ಮನೆಗೆ ಕಟ್ಟುತ್ತೇವೆ. ಆದರೆ ಬರೀ ತಲೆಗೆ ಕಂದಾಯ ಅಂದರೆ? ಹೊಲ ಬೇಡ, ಮನೆ ಬೇಡ, ಸಂಬಳ ಬೇಡ. ಮನುಷ್ಯ ಅನ್ನೋ ಪ್ರಾಣಿ ಉಸಿರಾಡ್ತಾ ಇದ್ದರೆ ಸಾಕು, ದುಡ್ಡು ಕಟ್ಟಬೇಕು. ಇಂಥ ಕಂದಾಯವನ್ನು ಬ್ರಿಟಿಷರು ಆಫ್ರಿಕಾದ ಹಲವು ಕಡೆ ಹಾಕಿದ್ದರು. ನೈಜೀರಿಯಾ ಎಂಬ ದೇಶದಲ್ಲಿ 1929ರಲ್ಲಿ ಹೆಂಗಸರು ಇದಕ್ಕೆ ಎದುರು ನಿಂತರು. ಅವರಲ್ಲಿ ಬಹುತೇಕ ಯಾರಿಗೂ ಓದು ಬರಹ ಬರುತ್ತಿರಲಿಲ್ಲ. ಅವರ ಕಥೆಯನ್ನು ಈ ಪಾಠದಲ್ಲಿ ಓದೋಣ.

ನೈಜೀರಿಯಾ ಎಲ್ಲಿದೆ?

ಗೋಡೆಯ ಮೇಲೆ ಭೂಪಟ ಇದ್ದರೆ ನೋಡಿ. ನಮ್ಮ ಮಂಗಳೂರಿನಿಂದ ಪಡುವಣಕ್ಕೆ ಸಮುದ್ರ ದಾಟಿದರೆ ಆಫ್ರಿಕಾ ಸಿಗುತ್ತದೆ. ಆಫ್ರಿಕಾದ ಆ ತುದಿಗೆ, ಪಡುವಣ ಬದಿಯಲ್ಲಿ ನೈಜೀರಿಯಾ ಇದೆ. ನೈಜರ್ ಎಂಬ ದೊಡ್ಡ ಹೊಳೆ ಹರಿಯುವುದರಿಂದ ಆ ಹೆಸರು. ಈಗ ಅಲ್ಲಿ 20 ಕೋಟಿಗೂ ಹೆಚ್ಚು ಜನ ಇದ್ದಾರೆ. ನಮ್ಮ ಹಾಗೆ ಅವರೂ ಬ್ರಿಟಿಷರ ಕೈಕೆಳಗೆ ಇದ್ದವರು. 1960ರಲ್ಲಿ ಸ್ವತಂತ್ರರಾದರು.

ಆ ದೇಶದ ಮೂಡಣ ದಕ್ಷಿಣ ಭಾಗದಲ್ಲಿ ಇಗ್ಬೊ ಎಂಬ ಜನ ಇದ್ದಾರೆ. ಅವರ ನೆರೆಯಲ್ಲಿ ಇಬಿಬಿಯೊ ಜನ. ಮಳೆ ಚೆನ್ನಾಗಿ ಬೀಳುವ ನಾಡು. ದೊಡ್ಡ ದೊಡ್ಡ ಗೆಣಸು ಬೆಳೆಯುತ್ತಾರೆ. ಎಣ್ಣೆತಾಳೆ ಮರ ಅಲ್ಲಿ ತಾನಾಗಿ ಬೆಳೆಯುತ್ತದೆ. ನಾವು ಅಂಗಡಿಯಲ್ಲಿ ಪಾಮಾಯಿಲ್ ಅಂತ ತರ್ತೀವಲ್ಲ, ಅದು ಈ ಮರದ ಹಣ್ಣಿನ ಎಣ್ಣೆಯೇ. ಅಲ್ಲಿ ಅದನ್ನು ಮನೆಯಲ್ಲೇ ತೆಗೆಯುತ್ತಾರೆ. ಬಣ್ಣ ಕೆಂಪಗೆ ಇರುತ್ತದೆ.

ಗಂಡಸರು ಮರ ಹತ್ತಿ ಗೊನೆ ಕಡಿಯುತ್ತಿದ್ದರು. ಮಿಕ್ಕ ಕೆಲಸ ಎಲ್ಲ ಹೆಂಗಸರದು. ಹಣ್ಣು ಬೇಯಿಸೋದು, ಕುಟ್ಟೋದು, ಹಿಂಡೋದು, ಎಣ್ಣೆ ಸೋಸೋದು. ಆಮೇಲೆ ಓಟೆ ಒಡೆದು ಒಳಗಿನ ಬೀಜ ತೆಗೆಯೋದು. ಬೀಜ ಮಾರಿದ ದುಡ್ಡು ಹೆಂಗಸರಿಗೇ ಸೇರುತ್ತಿತ್ತು. ಅದು ಅವರ ಸ್ವಂತ ಗಂಟು. ಉಪ್ಪು, ಬಟ್ಟೆ, ಮಕ್ಕಳ ಖರ್ಚು ಎಲ್ಲ ಅದರಿಂದಲೇ. ಸಂತೆಯೂ ಹೆಂಗಸರ ಕೈಯಲ್ಲೇ ಇತ್ತು. ಯಾವ ಮಾಲು ಎಲ್ಲಿ ಕೂರಬೇಕು, ಸಂತೆಯಲ್ಲಿ ಜಗಳ ಮಾಡಿದವರಿಗೆ ಏನು ದಂಡ, ಎಲ್ಲ ಅವರೇ ತೀರ್ಮಾನ ಮಾಡುತ್ತಿದ್ದರು.

ಇಗ್ಬೊ ಜನರ ವಾರಕ್ಕೆ 7 ದಿನ ಇಲ್ಲ, 4 ದಿನ. ಎಕೆ, ಒರಿಯೆ, ಅಫೊ, ನ್ಕ್ವೊ. ಒಂದೊಂದು ದಿನ ಒಂದೊಂದು ಊರಿನಲ್ಲಿ ಸಂತೆ. ಇವತ್ತು ಈ ಊರ ಸಂತೆಯಲ್ಲಿ ಆಡಿದ ಮಾತು ನಾಲ್ಕು ದಿನದಲ್ಲಿ ಸುತ್ತಿನ ಊರಿಗೆಲ್ಲ ಮುಟ್ಟುತ್ತಿತ್ತು. ಟೆಲಿಫೋನು ಬೇಕಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಜನೇ ಇಲ್ಲದ ಊರಿಗೆ ಕಾಗದದ ರಾಜ

ಇಗ್ಬೊ ಊರುಗಳಲ್ಲಿ ಹೆಚ್ಚಿನ ಕಡೆ ರಾಜ ಇರಲಿಲ್ಲ. ಊರ ಹಿರಿಯರು ಕೂತು ಮಾತಾಡುತ್ತಿದ್ದರು. ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದಿತ್ತು. ಹೆಂಗಸರಿಗೆ ಅವರದೇ ಕೂಟ ಇತ್ತು. ಮದುವೆಯಾಗಿ ಬಂದ ಸೊಸೆಯರದು ಒಂದು ಕೂಟ, ಊರಲ್ಲಿ ಹುಟ್ಟಿದ ಹೆಣ್ಣುಮಕ್ಕಳದು ಇನ್ನೊಂದು.

ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪುರುಸೊತ್ತೂ ಅವರಿಗೆ ಇರಲಿಲ್ಲ ಅನ್ನಿ. ಒಂದು ಊರಿಗೆ ಒಬ್ಬ ಮುಖ್ಯಸ್ಥ ಇರಲೇಬೇಕು, ಅವನ ಮೂಲಕ ಊರು ಆಳಿದರೆ ಖರ್ಚು ಕಡಿಮೆ ಅಂತ ಅವರ ಲೆಕ್ಕ. ಇಲ್ಲದಿದ್ದರೆ ಮಾಡಿಕೊಂಡರಾಯಿತು. ತಮಗೆ ಬೇಕಾದ ಒಬ್ಬನನ್ನು ಹಿಡಿದು, ಕೈಗೆ ಒಂದು ಕಾಗದ ಕೊಟ್ಟರು. ಆ ಕಾಗದಕ್ಕೆ ವಾರಂಟ್ ಅಂತ ಹೆಸರು. ನಮ್ಮಲ್ಲಿ ವಾರಂಟ್ ಅಂದರೆ ಪೊಲೀಸರು ಹಿಡಿಯೋಕೆ ತರುವ ಕಾಗದ. ಅಲ್ಲಿ ಅದು ಯಜಮಾನಿಕೆಯ ಕಾಗದ. ಕಾಗದದ ಜೊತೆಗೆ ಒಂದು ಟೋಪಿ. ಹೀಗೆ ಆದವನೇ ವಾರಂಟ್ ಯಜಮಾನ.

ಈ ಯಜಮಾನರು ಕೋರ್ಟಿನಲ್ಲಿ ಕೂತು ನ್ಯಾಯ ಹೇಳುತ್ತಿದ್ದರು. ಲಂಚ ತಗೊಳ್ತಿದ್ದರು. ರಸ್ತೆ ಕೆಲಸಕ್ಕೆ ಜನರನ್ನು ಬಿಟ್ಟಿ ಎಳೆದುಕೊಂಡು ಹೋಗುತ್ತಿದ್ದರು. ಕೆಲವರಂತೂ ಹೆಣ್ಣಿನ ಒಪ್ಪಿಗೆ ಕೇಳದೆ, ತವರಿಗೆ ಪೂರ್ತಿ ತೆರ ಕೊಡದೆ ಹೆಂಡತಿ ಮಾಡಿಕೊಳ್ಳುತ್ತಿದ್ದರು. ಕೇಳೋಣ ಅಂದರೆ ಕೋರ್ಟಿನಲ್ಲಿ ಕೂತವರೂ ಅವರೇ. ಹೆಂಗಸರಿಗೆ ಆ ಕೋರ್ಟಿನಲ್ಲಿ ಜಾಗವೇ ಇರಲಿಲ್ಲ.

ಮೊದಲು ಎಣಿಕೆ, ಆಮೇಲೆ ಕಂದಾಯ

1926ರಲ್ಲಿ ಅಧಿಕಾರಿಗಳು ಊರೂರಿಗೆ ಬಂದು ಗಂಡಸರನ್ನು ಎಣಿಸಿಕೊಂಡು ಹೋದರು. ಇದು ಬರೀ ಲೆಕ್ಕಕ್ಕೆ, ಕಂದಾಯಕ್ಕಲ್ಲ ಅಂತ ಹೇಳಿದರು. ಜನ ನಂಬಿದರು. 1927ರಲ್ಲಿ ಕಂದಾಯದ ಕಾನೂನು ಬಂತು. 1928ರಲ್ಲಿ ವಸೂಲಿ ಶುರುವಾಯಿತು. ಗಂಡಸಿಗೆ ತಲೆಗೆ ಇಷ್ಟು ಅಂತ. ಹಿಂದೆ ಬರೆದುಕೊಂಡಿದ್ದ ಲೆಕ್ಕವೇ ಈಗ ವಸೂಲಿ ಪಟ್ಟಿಯಾಯಿತು.

ಬ್ರಿಟಿಷರಿಗೆ ಈ ಕಂದಾಯ ಯಾಕೆ ಬೇಕಿತ್ತು? ಆಡಳಿತದ ಖರ್ಚಿಗೆ ಅಂತ ಅವರು ಹೇಳುತ್ತಿದ್ದರು. ಅದು ನಿಜವೇ. ಆದರೆ ಇನ್ನೊಂದು ಸಂಗತಿಯೂ ಇದೆ. ಆ ಊರುಗಳಲ್ಲಿ ಜನ ಮನಿಲ್ಲಾ ಎಂಬ ಬಳೆಯಾಕಾರದ ಲೋಹದ ತುಂಡನ್ನು ದುಡ್ಡಾಗಿ ಬಳಸುತ್ತಿದ್ದರು. ಕಂದಾಯ ಕಟ್ಟುವಾಗ ಅದು ನಡೆಯುವುದಿಲ್ಲ. ಬ್ರಿಟಿಷರ ಶಿಲ್ಲಿಂಗ್ ನಾಣ್ಯವೇ ಆಗಬೇಕು. ಶಿಲ್ಲಿಂಗ್ ಎಲ್ಲಿಂದ ತರಬೇಕು? ತಾಳೆ ಎಣ್ಣೆಯನ್ನು ಬಿಳಿಯರ ಕಂಪನಿಗೆ ಮಾರಬೇಕು. ಇಲ್ಲವೇ ಅವರ ಬಳಿ ಕೂಲಿಗೆ ಹೋಗಬೇಕು. ಆ ಎಣ್ಣೆಯಿಂದ ಇಂಗ್ಲೆಂಡಿನಲ್ಲಿ ಸೋಪು ಮಾಡುತ್ತಿದ್ದರು. ಅಂದರೆ ಕಂದಾಯ ಹಾಕಿದರೆ ಸಾಕು, ಜನ ತಾವಾಗಿಯೇ ಕಂಪನಿಯ ಬಾಗಿಲಿಗೆ ಬರುತ್ತಾರೆ. ಬಂದೂಕು ತೋರಿಸುವ ಕೆಲಸವಿಲ್ಲ.

ಕಂದಾಯ ಗಂಡಸರ ಹೆಸರಿಗೆ ಇತ್ತು. ಕಟ್ಟುವಾಗ ಮಾತ್ರ ಹೆಂಡತಿಯ ಗಂಟೂ ಬಿಚ್ಚುತ್ತಿತ್ತು. ಇದು ಯಾವ ದೇಶದ ಮನೆಯಲ್ಲಿ ಇಲ್ಲ ಹೇಳಿ.

ಇದರ ಮೇಲೆ 1929ರಲ್ಲಿ ತಾಳೆ ಎಣ್ಣೆಯ ಬೆಲೆ ಇಳಿಯಿತು. ಕೊಳ್ಳುವ ಕಂಪನಿಗಳು ಎಣ್ಣೆಗೆ ದರ್ಜೆ ಕಟ್ಟಲು ಶುರು ಮಾಡಿದವು. ಅಳತೆಯ ರೀತಿ ಬದಲಾಯಿತು. ಹೊರಗಿನಿಂದ ಬರುವ ಸಾಮಾನಿನ ಬೆಲೆ ಏರಿತು. ಕೈಗೆ ಬರುವುದು ಕಡಿಮೆ, ಕೈಯಿಂದ ಹೋಗುವುದು ಹೆಚ್ಚು. ಇಂಥ ಹೊತ್ತಿನಲ್ಲಿ ಒಂದು ಸುದ್ದಿ ಸಂತೆಯಿಂದ ಸಂತೆಗೆ ಹರಡಿತು. ಮುಂದಿನ ಕಂದಾಯ ಹೆಂಗಸರ ಮೇಲಂತೆ.

‘ನಿಮ್ಮವ್ವನನ್ನೂ ಎಣಿಸಿದ್ರಾ?’

ಬೆಂಡೆ ಅಂತ ಒಂದು ಜಿಲ್ಲೆ. ತರಕಾರಿ ಅಲ್ಲ, ಊರ ಹೆಸರು. ಅಲ್ಲಿಗೆ ಕ್ಯಾಪ್ಟನ್ ಕುಕ್ ಎಂಬ ಅಧಿಕಾರಿ ಬಂದ. ಹಳೆಯ ಪಟ್ಟಿ ಸರಿಯಿಲ್ಲ, ಹೊಸದಾಗಿ ಬರೆಯಿರಿ ಅಂತ ವಾರಂಟ್ ಯಜಮಾನರಿಗೆ ಹೇಳಿದ. ಗಂಡಸರನ್ನು ಮಾತ್ರ ಅಲ್ಲ. ಹೆಂಡಿರೆಷ್ಟು, ಮಕ್ಕಳೆಷ್ಟು, ಆಡು ಕುರಿ ಎಷ್ಟು, ಎಲ್ಲ ಬರೆಯಿರಿ ಅಂದ.

ಒಲೊಕೊ ಎಂಬ ಊರಿನ ವಾರಂಟ್ ಯಜಮಾನ ಒಕುಗೊ. ಅವನು ಈ ಕೆಲಸಕ್ಕೆ ಮಿಷನ್ ಶಾಲೆಯ ಮೇಷ್ಟ್ರನ್ನು ಗೊತ್ತು ಮಾಡಿದ. ಮೇಷ್ಟ್ರ ಹೆಸರು ಎಮೆರೆಯುವಾ.

1929ರ ನವೆಂಬರ್ ತಿಂಗಳು. ಮೇಷ್ಟ್ರು ನ್ವಾನ್ಯೆರುವಾ ಎಂಬ ಹೆಂಗಸಿನ ಹಟ್ಟಿಗೆ ಬಂದ. ಆಕೆ ತಾಳೆ ಎಣ್ಣೆ ತೆಗೆಯುತ್ತಿದ್ದಳು. ನಿನ್ನ ಆಡು ಎಷ್ಟು, ಕುರಿ ಎಷ್ಟು, ಮನೆಯಲ್ಲಿ ಜನ ಎಷ್ಟು, ಲೆಕ್ಕ ಹೇಳು ಅಂದ. ಅವಳಿಗೆ ರೇಗಿತು. ‘ನಿಮ್ಮವ್ವನನ್ನೂ ಎಣಿಸಿದ್ರಾ?’ ಅಂತ ಕೇಳಿಬಿಟ್ಟಳು. ಇಬ್ಬರೂ ಕೈಕೈ ಮಿಲಾಯಿಸಿದರು. ಕುತ್ತಿಗೆ ಹಿಡಿದುಕೊಂಡರು.

ಈ ಮಾತಿನ ಹಿಂದೆ ಏನಿದೆ ಅಂತ ತಿಳಿಯಬೇಕು. ಇಗ್ಬೊ ಜನರಲ್ಲಿ ಬದುಕಿರುವ ಮನುಷ್ಯರನ್ನು ತಲೆ ಎಣಿಸಬಾರದು ಅನ್ನುವ ನಂಬಿಕೆ ಇತ್ತು. ಎಣಿಸಿದರೆ ಸಾವು ಬರುತ್ತದೆ ಅಂತ. ಹೆಂಗಸರನ್ನು ಆಡು ಕುರಿಯ ಜೊತೆಗೆ ಒಂದೇ ಪಟ್ಟಿಯಲ್ಲಿ ಬರೆಯೋದು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಎಣಿಕೆ ಆದ ಮೇಲೆ ಕಂದಾಯ ಬರುತ್ತೆ ಅನ್ನೋದು ಅವರಿಗೆ ಈಗ ಗೊತ್ತಾಗಿಹೋಗಿತ್ತು. ಮೂರು ವರ್ಷದ ಹಿಂದೆ ಹೀಗೇ ಆಗಿತ್ತಲ್ಲ. ಹೆಂಗಸರಿಗೆ ಕಂದಾಯ ಹಾಕುವ ತೀರ್ಮಾನ ಸರ್ಕಾರ ಮಾಡಿರಲಿಲ್ಲ ಅಂತ ಅಧಿಕಾರಿಗಳು ಆಮೇಲೆ ಹೇಳಿದರು. ಇರಬಹುದು. ಆದರೆ ಒಮ್ಮೆ ಸುಳ್ಳು ಹೇಳಿದವರ ಮಾತನ್ನು ಎರಡನೇ ಸಲ ಯಾರು ನಂಬುತ್ತಾರೆ?

ನ್ವಾನ್ಯೆರುವಾ ನೇರವಾಗಿ ಹೆಂಗಸರ ಕೂಟಕ್ಕೆ ಹೋದಳು. ಆ ಹೊತ್ತಿಗೆ ಅವರು ಇದೇ ಕಂದಾಯದ ಸುದ್ದಿ ಮಾತಾಡಲು ಸೇರಿದ್ದರು. ಅವಳು ನಡೆದದ್ದು ಹೇಳಿದಳು. ಅಲ್ಲಿಂದ ಅಕ್ಕಪಕ್ಕದ ಊರುಗಳಿಗೆ ತಾಳೆಗರಿ ಹೊರಟವು. ತಾಳೆಗರಿ ಬಂದರೆ ಕಷ್ಟ ಬಂದಿದೆ, ಕೂಡಲೇ ಬನ್ನಿ ಅಂತ ಅರ್ಥ. ಗರಿ ಪಡೆದ ಊರಿನವರು ಮುಂದಿನ ಊರಿಗೆ ಕಳಿಸಿದರು. ಅವರು ಅದರ ಮುಂದಿನ ಊರಿಗೆ. ಕೆಲವೇ ದಿನದಲ್ಲಿ ಸಾವಿರಾರು ಹೆಂಗಸರು ಒಲೊಕೊಗೆ ಬಂದು ಸೇರಿದರು.

ಗಂಡಸಿನ ಮೇಲೆ ‘ಕೂರುವುದು’

ಅವರು ಮಾಡಿದ್ದೇನು? ಅದಕ್ಕೆ ಅವರ ಭಾಷೆಯಲ್ಲಿ ಒಂದು ಮಾತಿದೆ. ಗಂಡಸಿನ ಮೇಲೆ ಕೂರುವುದು ಅಂತ ಅದರ ಅರ್ಥ. ನಿಜಕ್ಕೂ ಮೇಲೆ ಕೂರುವುದಲ್ಲ, ನಗಬೇಡಿ. ಹೆಂಡತಿಯನ್ನು ಹೊಡೆಯುವವನು, ಸಂತೆಯ ಕಟ್ಟಳೆ ಮುರಿದವನು, ಹೆಂಗಸರ ಬೆಳೆಗೆ ದನ ಬಿಟ್ಟವನು ಇದ್ದರೆ, ಊರ ಹೆಂಗಸರೆಲ್ಲ ಕೂಡಿ ಅವನ ಮನೆಗೆ ಹೋಗುತ್ತಿದ್ದರು. ಅಂಗಳದಲ್ಲಿ ಕುಣಿಯುವುದು, ಅವನ ತಪ್ಪನ್ನೇ ಹಾಡು ಕಟ್ಟಿ ಹಾಡುವುದು, ಒನಕೆಯಿಂದ ಗೋಡೆ ಬಡಿಯುವುದು. ರಾತ್ರಿಯೂ ಮಲಗಲು ಬಿಡುತ್ತಿರಲಿಲ್ಲ. ತೀರ ಮೊಂಡನಾದರೆ ಮಾಡಿನ ಹುಲ್ಲು ಕೀಳುತ್ತಿದ್ದರು. ತಪ್ಪಾಯ್ತು ಅನ್ನುವವರೆಗೂ ಏಳುತ್ತಿರಲಿಲ್ಲ. ಊರ ಗಂಡಸರು ನಡುವೆ ಬಾಯಿ ಹಾಕುತ್ತಿರಲಿಲ್ಲ. ಅದು ಹೆಂಗಸರ ಹಕ್ಕು ಅಂತ ಎಲ್ಲರೂ ಒಪ್ಪಿದ್ದರು.

ಹಳೆಯ ಕಾಲದಿಂದ ಬಂದ ಈ ಪದ್ಧತಿಯನ್ನೇ ಅವರು ಈಗ ಮೇಷ್ಟ್ರ ಮೇಲೆ, ಆಮೇಲೆ ಒಕುಗೊ ಮೇಲೆ ಬಳಸಿದರು. ಮುಖಕ್ಕೆ ಮಸಿ ಬಳಿದುಕೊಂಡರು. ತಲೆಗೆ ಎಳೆಯ ಗರಿ ಸುತ್ತಿಕೊಂಡರು. ಕೈಯಲ್ಲಿ ಗರಿ ಕಟ್ಟಿದ ಕೋಲು. ಒಕುಗೊನ ಕಡೆಯವರು ಅವರ ಮೇಲೆ ಬಿದ್ದರು. ಹಲವು ಹೆಂಗಸರಿಗೆ ಗಾಯವಾಯಿತು. ಅವರು ಹೆದರಿ ಮನೆಗೆ ಹೋಗಲಿಲ್ಲ. ಬೆಂಡೆಯ ಕಚೇರಿಗೆ ನಡೆದರು. ಎರಡು ಬೇಡಿಕೆ ಇಟ್ಟರು. ಹೆಂಗಸರಿಗೆ ಕಂದಾಯ ಇಲ್ಲ ಅಂತ ಹೇಳಬೇಕು. ಒಕುಗೊನ ಟೋಪಿ ಕೀಳಬೇಕು.

ಇಕೊನ್ನಿಯಾ, ನ್ವಾನ್ನೆದಿಯಾ, ನ್ವುಗೊ ಎಂಬ ಮೂವರು ಒಲೊಕೊ ಹೆಂಗಸರ ಪರವಾಗಿ ಮಾತಾಡಿದರು. ಇವರ ಮಾತು ನಯ, ಬುದ್ಧಿ ಚುರುಕು. ಜನ ರೇಗಿದಾಗ ತಣ್ಣಗೆ ಮಾಡುವುದೂ ಗೊತ್ತಿತ್ತು. ನ್ವಾನ್ಯೆರುವಾ ಕೂಡ ಹೊಡೆದಾಟ ಬೇಡ, ಹಾಡಿ ಕುಣಿದೇ ಗೆಲ್ಲೋಣ ಅನ್ನುತ್ತಿದ್ದಳು. ಡಿಸೆಂಬರ್ ಮೊದಲ ವಾರ ಒಕುಗೊನ ವಿಚಾರಣೆ ನಡೆಯಿತು. ಹೆಂಗಸರನ್ನು ಹೊಡೆಸಿದ್ದಕ್ಕೆ, ಭಯದ ಸುದ್ದಿ ಹಬ್ಬಿಸಿದ್ದಕ್ಕೆ ಅವನಿಗೆ 2 ವರ್ಷ ಸಜೆ ಆಯಿತು. ಟೋಪಿ ಹೆಂಗಸರ ಕೈಗೆ ಬಂತು.

ಇಲ್ಲಿಗೇ ಮುಗಿದಿದ್ದರೆ ಈ ಕಥೆ ಒಂದೂರಿನ ಕಥೆಯಾಗುತ್ತಿತ್ತು.

ಬೆಂಕಿ ಹರಡಿತು

ಒಲೊಕೊ ಗೆದ್ದ ಸುದ್ದಿ ಸಂತೆಗಳ ದಾರಿಯಲ್ಲಿ ಓಡಿತು. ನಮ್ಮೂರ ಯಜಮಾನನೂ ಅಂಥವನೇ ಅಲ್ಲವಾ ಅಂತ ಎಲ್ಲ ಊರಿನ ಹೆಂಗಸರಿಗೂ ಅನ್ನಿಸಿತು. ಒವೆರಿ, ಕಲಾಬಾರ್ ಎಂಬ ಎರಡು ಪ್ರಾಂತ್ಯಗಳಲ್ಲಿ ಹತ್ತಾರು ಸಾವಿರ ಹೆಂಗಸರು ಎದ್ದರು. ಬರೀ ಇಗ್ಬೊ ಅಲ್ಲ, ಇಬಿಬಿಯೊ ಮೊದಲಾದ ಬೇರೆ ಜನರೂ ಸೇರಿದರು. ಮಾತು ಬೇರೆ, ಕಷ್ಟ ಒಂದೇ. ವಾರಂಟ್ ಯಜಮಾನರ ಟೋಪಿಗಳು ಒಂದೊಂದಾಗಿ ಉದುರಿದವು. ಅವರು ಕೂತು ನ್ಯಾಯ ಹೇಳುತ್ತಿದ್ದ 16 ಕೋರ್ಟುಗಳ ಮೇಲೆ ಹೆಂಗಸರು ನುಗ್ಗಿದರು. ಹಲವನ್ನು ಒಡೆದರು, ಕೆಲವನ್ನು ಸುಟ್ಟರು.

ಆಬಾ ಎಂಬುದು ರೈಲು ಬರುವ ವ್ಯಾಪಾರದ ಪಟ್ಟಣ. ಅಲ್ಲಿ ಹೆಂಗಸರು ಗುಂಪು ಸೇರಿದ್ದ ದಾರಿಯಲ್ಲಿ ಒಬ್ಬ ಬ್ರಿಟಿಷ್ ಡಾಕ್ಟರ ಕಾರು ಇಬ್ಬರು ಹೆಂಗಸರಿಗೆ ಬಡಿಯಿತು. ಅಷ್ಟು ಸಾಕಾಯಿತು. ಕಂಪನಿಗಳ ಮಳಿಗೆಗಳನ್ನೂ ಬ್ಯಾಂಕನ್ನೂ ನುಗ್ಗಿದರು. ಜೈಲು ಒಡೆದು ಒಳಗಿದ್ದವರನ್ನು ಬಿಟ್ಟರು. ಸುಟ್ಟದ್ದು, ದೋಚಿದ್ದು ನಡೆಯಿತು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಇಷ್ಟೆಲ್ಲ ಗಲಾಟೆಯಲ್ಲಿ ಹೆಂಗಸರ ಕೈಯಿಂದ ಒಬ್ಬ ಬಿಳಿಯನ ಪ್ರಾಣವೂ ಹೋಗಲಿಲ್ಲ. ಅವರ ಸಿಟ್ಟು ಕಟ್ಟಡದ ಮೇಲೆ, ಟೋಪಿಯ ಮೇಲೆ, ಪಟ್ಟಿ ಬರೆದ ಪುಸ್ತಕದ ಮೇಲೆ ಇತ್ತು.

ಗಂಡಸರು ಎಲ್ಲಿದ್ದರು ಅಂತ ನೀವು ಕೇಳಬಹುದು. ಹೆಚ್ಚಿನವರು ದೂರ ನಿಂತು ನೋಡಿದರು. ಗಂಡಸರು ಮುಂದೆ ಬಂದರೆ ಸಿಪಾಯಿಗಳು ಗುಂಡು ಹಾರಿಸುತ್ತಾರೆ, ಹೆಂಗಸರಿಗೆ ಹಾರಿಸುವುದಿಲ್ಲ ಅಂತ ಎಲ್ಲರ ನಂಬಿಕೆ. ಹೆಂಗಸರೂ ಹಾಗೇ ನಂಬಿದ್ದರು.

ಬರೆದುಕೊಡಿ ಅಂದರು

ಸಿಪಾಯಿಗಳು ಬಂದರು. ಡಿಸೆಂಬರ್ ನಡುವಿನಲ್ಲಿ ಅಬಾಕ್ ಎಂಬಲ್ಲಿ ಗುಂಡು ಹಾರಿತು. ಉಟು ಎಟಿಮ್ ಎಕ್ಪೊ ಎಂಬ ಊರಿನಲ್ಲಿ ಮೆಷಿನ್ ಗನ್ನಿನಿಂದ ಹೊಡೆದರು. ಅಲ್ಲೇ 18 ಹೆಂಗಸರು ಸತ್ತರು.

ಡಿಸೆಂಬರ್ 16ರಂದು ಒಪೊಬೊದಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಅದು ಹೊಳೆಯ ದಡದ ಊರು. ಸುತ್ತಿನ ಊರುಗಳ ಹೆಂಗಸರು ಅಲ್ಲಿಯ ಜಿಲ್ಲಾಧಿಕಾರಿಯನ್ನು ಕಾಣಲು ಬಂದರು. ಹೆಂಗಸರಿಗೆ ಕಂದಾಯ ಇಲ್ಲ ಅಂತ ಹೇಳಿ. ನಮ್ಮ ಸ್ವತ್ತು ಎಣಿಸುವುದಿಲ್ಲ ಅಂತ ಹೇಳಿ. ಇಂಥ ಹಲವು ಮಾತು ಅವರದು. ಅಧಿಕಾರಿ ಆಗಲಿ ಅಂದ. ಆದರೆ ಅವರು ಎದ್ದು ಹೋಗಲಿಲ್ಲ. ಬಾಯಿಮಾತು ಬೇಡ, ಬರೆದುಕೊಡಿ ಅಂದರು. ಟೈಪು ಮಾಡಿ, ಊರಿಗೊಂದು ಪ್ರತಿ ಬೇಕು, ಸಹಿ ಇರಬೇಕು ಅಂದರು.

ಇದನ್ನು ಕೇಳಿದಾಗ ನಮಗೆ ಮೈ ಜುಂ ಅನ್ನುತ್ತದೆ. ಅವರಲ್ಲಿ ಆ ಕಾಗದ ಓದಬಲ್ಲವರು ಎಷ್ಟು ಜನ ಇದ್ದರೋ. ಆದರೂ ಕಾಗದಕ್ಕೆ ಏನು ಬೆಲೆ ಅಂತ ಚೆನ್ನಾಗಿ ಗೊತ್ತಿತ್ತು. ಒಂದು ಕಾಗದ ಕೈಗೆ ಬಂದವನು ಯಜಮಾನನಾದ. ಒಂದು ಪಟ್ಟಿಯಲ್ಲಿ ಹೆಸರು ಬರೆದದ್ದಕ್ಕೆ ಗಂಡಸರಿಗೆ ಕಂದಾಯ ಬಿತ್ತು. 1926ರಲ್ಲಿ ಕೊಟ್ಟ ಬಾಯಿಮಾತು ಗಾಳಿಗೆ ಹೋಯಿತು. ಆದ್ದರಿಂದ ಈ ಸಲ ಕಾಗದ ತಮ್ಮ ಕೈಯಲ್ಲೂ ಇರಲಿ ಅಂದರು.

ಟೈಪು ಆಗುತ್ತಿತ್ತು. ಹೆಂಗಸರ ಗುಂಪು ದೊಡ್ಡದಾಯಿತು. ಅಂಚೆ ಕಚೇರಿಯ ಬೇಲಿಯ ಹತ್ತಿರಕ್ಕೆ ಒತ್ತಿಕೊಂಡು ಬಂದರು. ಒಳಗೆ ಸಿಪಾಯಿಗಳು ಬಂದೂಕು ಹಿಡಿದು ನಿಂತಿದ್ದರು. ಬೇಲಿ ಬೀಳುತ್ತದೆ ಅಂತ ಸೇನೆಯ ಅಧಿಕಾರಿಗೆ ಅನ್ನಿಸಿತು. ಗುಂಡು ಹಾರಿಸಲು ಹೇಳಿದ. ಜನ ಹೊಳೆಯ ಕಡೆಗೆ ಓಡಿದರು. ನೂಕುನುಗ್ಗಲಿನಲ್ಲಿ ಕೆಲವರು ನೀರಿಗೆ ಬಿದ್ದು ಮುಳುಗಿದರು. ಒಪೊಬೊ ಒಂದರಲ್ಲೇ 30ಕ್ಕೂ ಹೆಚ್ಚು ಜನ ಸತ್ತರು. ಸುಮಾರು ಅಷ್ಟೇ ಜನರಿಗೆ ಗಾಯವಾಯಿತು. ಒಟ್ಟು ಈ ಹೋರಾಟದಲ್ಲಿ 50ಕ್ಕೂ ಹೆಚ್ಚು ಹೆಂಗಸರು ಜೀವ ಕೊಟ್ಟರು.

ಅವರ ಕೈಯಲ್ಲಿ ಇದ್ದದ್ದು ಕೋಲು.

ಆಮೇಲೆ ಏನಾಯಿತು?

ಸೇನೆ ಊರೂರು ಸುತ್ತಿತು. ಗಲಾಟೆ ಮಾಡಿದವರು ಯಾರು ಅಂತ ಒಬ್ಬೊಬ್ಬರನ್ನು ಹುಡುಕುವ ಬದಲು ಇಡೀ ಊರಿಗೇ ದಂಡ ಹಾಕುವ ಕಾನೂನು ಬ್ರಿಟಿಷರ ಬಳಿ ಇತ್ತು. ಅದನ್ನು ಬಳಸಿದರು.

1930ರ ಜನವರಿಯಲ್ಲಿ ಸರ್ಕಾರ ಒಂದು ವಿಚಾರಣೆ ಮಾಡಿಸಿತು. ಗುಂಡು ಹಾರಿಸಿದವರದು ತಪ್ಪಿಲ್ಲ ಅಂತ ಅದು ಹೇಳಿತು. ಇದು ಯಾರಿಗೂ ಸಮಾಧಾನ ತರಲಿಲ್ಲ. ಎರಡನೇ ಸಮಿತಿ ಮಾಡಬೇಕಾಯಿತು. ಆ ಸಮಿತಿ ನೂರಾರು ಜನರ ಮಾತು ಕೇಳಿತು. ಹೆಂಗಸರೂ ಬಂದು ಎದುರು ನಿಂತು ಹೇಳಿದರು. ಆಬಾದ ಮಿಷನ್ ಶಾಲೆಯಲ್ಲಿ ಮೇರಿ ಒಕೆಜಿ ಎಂಬ ಟೀಚರ್ ಇದ್ದರು. ತಮ್ಮ ಜನರಲ್ಲಿ ಶಾಲೆ ಓದಿದ ಮೊದಲ ಹೆಂಗಸು ಅವರು. ಬೀದಿಗೆ ಇಳಿಯಲಿಲ್ಲ. ಆದರೆ ಹೆಂಗಸರ ಕಷ್ಟವನ್ನು ಬರೆದು ಸಮಿತಿಗೆ ಮನವಿ ಕೊಟ್ಟರು.

ಹೆಂಗಸರಿಗೆ ಕಂದಾಯ ಬರಲಿಲ್ಲ. 1933ರ ಹೊತ್ತಿಗೆ ವಾರಂಟ್ ಯಜಮಾನಿಕೆ ಹೋಯಿತು. ವಾರಂಟ್ ಯಜಮಾನರು ಕೂತು ನ್ಯಾಯ ಹೇಳುವ ಬದಲು, ಊರಿನವರು ಆರಿಸಿದ ಹಲವರು ಕೂರುವ ಕೋರ್ಟುಗಳು ಬಂದವು. ಕೆಲವು ಕೋರ್ಟುಗಳಲ್ಲಿ ಹೆಂಗಸರೂ ಕೂತರು. ಅವರು ಬೆರಳೆಣಿಕೆಯಷ್ಟೇ ಜನ. ಗಂಡಸರ ಕಂದಾಯ ಮಾತ್ರ ಹಾಗೇ ಉಳಿಯಿತು. ಹೆಂಗಸರು ಅದನ್ನೂ ತೆಗೆಯಿರಿ ಅಂತ ಕೇಳಿದ್ದರು. ಬ್ರಿಟಿಷರು ಕಿವಿಗೆ ಹಾಕಿಕೊಳ್ಳಲಿಲ್ಲ. 1938ರಲ್ಲಿ ಮತ್ತೆ ಅದೇ ಕಡೆ ಕಂದಾಯದ ವಿರುದ್ಧ ಹೆಂಗಸರು ಎದ್ದರು.

ಹೆಸರಿನ ಬಗ್ಗೆ ಒಂದು ಮಾತು. ಬ್ರಿಟಿಷರು ತಮ್ಮ ಕಡತದಲ್ಲಿ ಇದನ್ನು ಆಬಾ ದೊಂಬಿ ಅಂತ ಬರೆದರು. ಅದೇ ಹೆಸರು ಪುಸ್ತಕಗಳಲ್ಲಿ ಬಹಳ ಕಾಲ ಉಳಿಯಿತು. ದೊಂಬಿ ಅಂದರೆ ತಲೆಕೆಟ್ಟು ಮಾಡಿದ ಗಲಾಟೆ ಅಂದಂತೆ. ಹೆಂಗಸರು ಕರೆದದ್ದು ಬೇರೆ. ಒಗು ಉಮುನ್ವಾನ್ಯಿ ಅಂತ. ಅಂದರೆ ಹೆಂಗಸರ ಯುದ್ಧ. ನಮಗೆ ಅವರು ಇಟ್ಟ ಹೆಸರೇ ಸರಿ ಅನ್ನಿಸುತ್ತದೆ. ಕೂಟ ಸೇರಿ, ಮಾತಾಡಿ, ಗರಿ ಕಳಿಸಿ, ಬೇಡಿಕೆ ಬರೆಸಿದವರನ್ನು ದೊಂಬಿ ಮಾಡಿದವರು ಅನ್ನಬಹುದೇ?

ಒಪೊಬೊದ ಸಾವಿನ ನಾಲ್ಕು ತಿಂಗಳಿಗೆ, 1930ರ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯ ಕಡಲ ದಡದಲ್ಲಿ ಜನ ಉಪ್ಪು ತೆಗೆದು ಅದೇ ಬ್ರಿಟಿಷರ ಉಪ್ಪಿನ ಕರವನ್ನು ಮುರಿದರು. ಅಲ್ಲಿಯವರಿಗೆ ಇಲ್ಲಿಯ ಸುದ್ದಿ ಗೊತ್ತಿರಲಿಕ್ಕಿಲ್ಲ. ಇಲ್ಲಿಯವರಿಗೆ ಅಲ್ಲಿಯದು ಗೊತ್ತಿರಲಿಕ್ಕಿಲ್ಲ. ಕರ ಎತ್ತುವ ಕೈ ಮಾತ್ರ ಒಂದೇ ಆಗಿತ್ತು.

ಓದು ಕಲಿಯಲು ಬಂದ ಒಬ್ಬಳು

ಇನ್ನೊಂದು ಊರಿನ ಮಾತು ಹೇಳಿ ಮುಗಿಸುತ್ತೇವೆ. ನೈಜೀರಿಯಾದ ಪಡುವಣ ಭಾಗದಲ್ಲಿ ಅಬೆಯೊಕುಟಾ ಎಂಬ ಪಟ್ಟಣ ಇದೆ. ಅಲ್ಲಿಯವರು ಯೊರುಬಾ ಜನ. ಅವರಿಗೆ ರಾಜ ಇದ್ದ. ರಾಜನಿಗೆ ಅಲಾಕೆ ಅನ್ನುತ್ತಾರೆ. ಬ್ರಿಟಿಷರು ಅವನ ಮೂಲಕ ಆಳುತ್ತಿದ್ದರು. ಇಲ್ಲಿ ಹೆಂಗಸರು ಮೊದಲಿಂದಲೂ ಕಂದಾಯ ಕಟ್ಟುತ್ತಿದ್ದರು. ಗಂಡನದು ಬೇರೆ, ಹೆಂಡತಿಯದು ಬೇರೆ. ಹುಡುಗಿಗೆ 15 ತುಂಬಿದರೆ ಅವಳದೂ ಶುರು. ವಯಸ್ಸು ಆಗಿದೆಯೋ ಇಲ್ಲವೋ ಅಂತ ನೋಡಲು ವಸೂಲಿಯವರು ಹುಡುಗಿಯರ ಬಟ್ಟೆಗೆ ಕೈ ಹಾಕುತ್ತಿದ್ದರು. ಬರೆಯಲು ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಅದೇ.

ಆ ಊರಿನಲ್ಲಿ ಫುನ್ಮಿಲಾಯೊ ರಾನ್ಸಮ್ ಕುಟಿ ಎಂಬ ಟೀಚರಮ್ಮ ಇದ್ದರು. 1900ರಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲೂ ಓದಿ ಬಂದಿದ್ದರು. ಓದಿದ ಹೆಂಗಸರ ಒಂದು ಕ್ಲಬ್ಬು ನಡೆಸುತ್ತಿದ್ದರು. ಹೊಲಿಗೆ, ಅಡುಗೆ, ಒಳ್ಳೆಯ ನಡತೆ, ಹೀಗೆ. ಸಂತೆಯ ಹೆಂಗಸರಿಗೂ ಆ ಕ್ಲಬ್ಬಿಗೂ ಸಂಬಂಧ ಇರಲಿಲ್ಲ. 1944ರ ಸುಮಾರಿಗೆ ವಯಸ್ಸಾದ ಒಬ್ಬ ಹೆಂಗಸು ಅವರ ಬಳಿ ಬಂದಳು. ನನಗೂ ಓದಲು ಕಲಿಸಿ ಅಂದಳು. ಟೀಚರಮ್ಮ ಕಲಿಸಲು ಶುರು ಮಾಡಿದರು. ಸಂತೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅಕ್ಷರ ಕಲಿಯುತ್ತಾ ಕಲಿಯುತ್ತಾ ತಮ್ಮ ಕಷ್ಟ ಹೇಳಿಕೊಂಡರು. ಅಕ್ಕಿ ಮಾರಲು ಬಂದರೆ ಕಿತ್ತುಕೊಳ್ಳುತ್ತಾರೆ, ಕಂದಾಯಕ್ಕೆ ಹಿಂಸೆ ಕೊಡುತ್ತಾರೆ ಅಂದರು. ಕಲಿಸಲು ಕೂತ ಟೀಚರಮ್ಮನಿಗೆ ಹೀಗೆ ಊರಿನ ಪಾಠ ಆಯಿತು.

ಕ್ಲಬ್ಬು ಹೋಗಿ ಸಂಘವಾಯಿತು. ಅಬೆಯೊಕುಟಾ ಮಹಿಳಾ ಸಂಘ. ಸಾವಿರಾರು ಸದಸ್ಯರು. ಟೀಚರಮ್ಮ ಇಂಗ್ಲಿಷ್ ಉಡುಪು ಬಿಟ್ಟು ಸಂತೆಯ ಹೆಂಗಸರ ಹಾಗೆ ಬಟ್ಟೆ ಸುತ್ತಿಕೊಂಡರು. ಸಭೆಯಲ್ಲಿ ಯೊರುಬಾ ಮಾತೇ ಆಡಿದರು. ಆಳುವ ಸಭೆಯಲ್ಲಿ ನಮಗೆ ಒಂದು ಜಾಗವಿಲ್ಲ, ಹಾಗಿದ್ದ ಮೇಲೆ ಕಂದಾಯ ಯಾಕೆ ಕಟ್ಟಬೇಕು ಅಂತ ಕೇಳಿದರು. ತಾವು ಕಟ್ಟುವುದಿಲ್ಲ ಅಂದರು. ಲೆಕ್ಕ ಬಲ್ಲವರನ್ನು ಕರೆಸಿ ದುಡ್ಡು ಎಲ್ಲಿ ಹೋಗಿದೆ ಅಂತ ನೋಡಿಸಿದರು.

1947ರ ಕೊನೆಯಲ್ಲಿ ಹೆಂಗಸರು ಅರಮನೆಯ ಮುಂದೆ ಹಗಲೂ ರಾತ್ರಿ ಕೂತರು. ಮೆರವಣಿಗೆಗೆ ಪೊಲೀಸರು ಪರವಾನಗಿ ಕೊಡಲಿಲ್ಲ. ಆಗ ಇವರು ಮೆರವಣಿಗೆ ಅನ್ನಲಿಲ್ಲ. ಹಬ್ಬಕ್ಕೆ ಹೋಗ್ತಿದ್ದೀವಿ, ಪಿಕ್ನಿಕ್ಕಿಗೆ ಹೋಗ್ತಿದ್ದೀವಿ ಅಂದರು. ಅಶ್ರುವಾಯು ಬಿದ್ದರೆ ಕಣ್ಣು ಹೇಗೆ ಮುಚ್ಚಿಕೊಳ್ಳಬೇಕು, ಬಿದ್ದ ಡಬ್ಬಿಯನ್ನು ಹೇಗೆ ವಾಪಸ್ ಎಸೆಯಬೇಕು ಅಂತ ಟೀಚರಮ್ಮ ಅದನ್ನೂ ಹೇಳಿಕೊಟ್ಟಿದ್ದರು. ಟೀಚರ್ ಅಲ್ಲವೇ.

1948ರಲ್ಲಿ ಹೆಂಗಸರ ಕಂದಾಯ ನಿಂತಿತು. 1949ರ ಜನವರಿಯಲ್ಲಿ ಅಲಾಕೆ ಪಟ್ಟ ಬಿಟ್ಟು ಊರಿನಿಂದ ಹೊರಟ. ಮುಂದಿನ ವರ್ಷ ಅವನು ಮರಳಿ ಬಂದ ಅನ್ನುವುದೂ ನಿಜ. ಆದರೆ ಅಷ್ಟರಲ್ಲಿ ಪಟ್ಟಣದ ಆಡಳಿತ ಸಭೆಯಲ್ಲಿ ಹೆಂಗಸರು ಕೂತಿದ್ದರು. ಅವರಲ್ಲಿ ಒಬ್ಬರು ಟೀಚರಮ್ಮ.